ಶಾನಿದಾರ್ ಗುಹೆ

ಇರಾಕಿನ ಕುರ್ದಿಸ್ತಾನ ಪ್ರದೇಶದಲ್ಲಿ, ಝಾಗ್ರೋಸ್ ಪರ್ವತಶ್ರೇಣಿಗೆ ಸೇರಿದ ಬ್ರಾದೋಸ್ತ್ ಬೆಟ್ಟದ ಮಗ್ಗುಲಲ್ಲಿರುವ ಸುಣ್ಣಕಲ್ಲಿನ ಗುಹೆ. ನಿಯಾಂಡರ್ತಾಲ್ ಮಾನವರು ತಂಗುತ್ತಿದ್ದ ನೆಲೆಯಾಗಿ, ಅದಕ್ಕಿಂತ ಹೆಚ್ಚಾಗಿ ಅವರು ತಮ್ಮಲ್ಲಿ ಸತ್ತವರನ್ನು ಇರಿಸಿಹೋದ ಜಾಗವಾಗಿ ಪ್ರಸಿದ್ಧ. 1951ರಿಂದ 1960ರವರೆಗೆ ಅಮೆರಿಕದ ಪುರಾತತ್ತ್ವಜ್ಞ ರಾಲ್ಫ್ ಸೊಲೆಕಿ ಇಲ್ಲಿ ನಡೆಸಿದ ಉತ್ಖನನದಲ್ಲಿ ಹತ್ತು ಮಂದಿ ನಿಯಾಂಡರ್ತಾಲರ ಎಲುಬುಗಳು ದೊರೆತವು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಚ್ಚಿಕೊಂಡಿದ್ದ ಅದೇ ಕಂದಕವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 2014ರಲ್ಲಿ ಮತ್ತೆ ತೆರೆಯಿತು. ಸತ್ತವರಿಗೆ ಹೂವಿಟ್ಟು ಮಣ್ಣು ಮಾಡುತ್ತಿದ್ದ ಆದಿಮಾನವರು ಎಂಬ ಚಿತ್ರ ಜಗತ್ತಿನ ಪಠ್ಯಪುಸ್ತಕಗಳಿಗೆ ಹೋದದ್ದು ಈ ಗುಹೆಯಿಂದಲೇ. ಆ ಚಿತ್ರ ಈಗ ಬಹುಮಟ್ಟಿಗೆ ಕಳಚಿಬಿದ್ದಿದೆ. ಗುಹೆಯ ಮಹತ್ವ ಮಾತ್ರ ಅದರಿಂದ ಕಡಿಮೆಯಾಗಿಲ್ಲ.

ನಿಯಾಂಡರ್ತಾಲರು ಸುಮಾರು 4 ಲಕ್ಷ ವರ್ಷಗಳ ಹಿಂದಿನಿಂದ 40 ಸಾವಿರ ವರ್ಷಗಳ ಹಿಂದಿನವರೆಗೆ ಯುರೋಪ್ ಮತ್ತು ಪಶ್ಚಿಮ ಏಷ್ಯಾದಲ್ಲಿ ಬಾಳಿದ ಮಾನವ ಗುಂಪು. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸಿಕ್ಕ ಎಲುಬುಗಳಿಂದ ಈ ಹೆಸರು ಬಂತು. ಗಿಡ್ಡ ಮೈಕಟ್ಟು, ಹುಬ್ಬಿನ ಮೇಲೆ ಉಬ್ಬಿದ ಎಲುಬು, ದೊಡ್ಡ ಮೂಗು, ಹಿಂದಕ್ಕೆ ಸರಿದ ಗದ್ದ ಇವರ ಮುಖ್ಯ ಲಕ್ಷಣಗಳು. ಇವರ ಬಗ್ಗೆ ತಿಳಿದ ಬಹುಪಾಲು ಸಂಗತಿ ಯುರೋಪಿನ ನೆಲೆಗಳಿಂದ ಬಂದದ್ದು. ಯುರೋಪಿನಾಚೆ ಇಷ್ಟು ಮಂದಿಯ ಅವಶೇಷಗಳು ಒಂದೇ ಕಡೆ ಸಿಕ್ಕ ನೆಲೆಗಳು ತೀರ ಕಡಿಮೆ. ಶಾನಿದಾರ್ ಅವುಗಳಲ್ಲಿ ಒಂದು.

ನೆಲೆ

ಗುಹೆ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಕೆಳಗಿನ ಕಣಿವೆಯಲ್ಲಿ ಟೈಗ್ರಿಸ್ ನದಿಯ ಉಪನದಿಯಾದ ದೊಡ್ಡ ಝಾಬ್ ಹರಿಯುತ್ತದೆ. ಬಾಯಿ ದಕ್ಷಿಣಕ್ಕೆ ತೆರೆದಿದ್ದು ಸುಮಾರು 25 ಮೀಟರ್ ಅಗಲ, 8 ಮೀಟರ್ ಎತ್ತರವಿದೆ. ಒಳಗೆ ಹೋದಂತೆ ಗುಹೆ ಹಿಗ್ಗಿ 50 ಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಹಿಂಗೋಡೆ ಬಾಯಿಂದ ಸುಮಾರು 40 ಮೀಟರ್ ದೂರದಲ್ಲಿದೆ. ಚಳಿಗಾಲದ ಬಿಸಿಲು ಒಳಗೆ ಬೀಳುತ್ತದೆ, ಬಡಗಣ ಗಾಳಿ ತಾಗುವುದಿಲ್ಲ, ನೀರು ಹತ್ತಿರದಲ್ಲೇ ಇದೆ. ಸೊಲೆಕಿ ಮೊದಲು ಬಂದಾಗ ಕುರ್ದಿ ಕುರಿಗಾಹಿ ಕುಟುಂಬಗಳು ಇದರೊಳಗೆ ಗುಡಿಸಲು, ಕೊಟ್ಟಿಗೆ ಕಟ್ಟಿಕೊಂಡು ಆಡು ಕುರಿಗಳೊಂದಿಗೆ ಚಳಿಗಾಲ ಕಳೆಯುತ್ತಿದ್ದವು. ಗುಹೆಯ ನೆತ್ತಿಯಿಂದ ಆಗಾಗ ಬಂಡೆ ಕಳಚಿ ಬೀಳುವುದೊಂದೇ ಇಲ್ಲಿನ ಅಪಾಯ. ಹಿಂದೆಯೂ ಅದು ಹಾಗೆಯೇ ಇತ್ತು ಎಂಬುದಕ್ಕೆ ಮಣ್ಣಿನ ಪದರಗಳಲ್ಲೇ ಸಾಕ್ಷಿಯಿದೆ.

ಸೊಲೆಕಿಯ ಉತ್ಖನನ

ರಾಲ್ಫ್ ಸೊಲೆಕಿ (1917-2019) ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದು 1959ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದವರು. 1951ರಲ್ಲಿ ಪರೀಕ್ಷೆಗೆಂದು ಒಂದು ಸಣ್ಣ ಗುಂಡಿ ತೋಡಿಸಿದರು. ಆಮೇಲೆ 1953, 1956-57 ಮತ್ತು 1960ರಲ್ಲಿ ದೊಡ್ಡ ಪ್ರಮಾಣದ ಕೆಲಸ ನಡೆಯಿತು. ಗುಹೆಯ ನಡುವೆ ಸುಮಾರು 20 ಮೀಟರ್ ಉದ್ದ, 6 ಮೀಟರ್ ಅಗಲದ ಕಂದಕವನ್ನು ತಳಬಂಡೆ ಸಿಗುವವರೆಗೆ, ಅಂದರೆ ಸುಮಾರು 14 ಮೀಟರ್ ಆಳಕ್ಕೆ ಇಳಿಸಲಾಯಿತು. ನಾಲ್ಕು ಮಹಡಿ ಕಟ್ಟಡದಷ್ಟು ಆಳದ ಈ ಹಳ್ಳದಲ್ಲಿ ಅಗೆದವರು ಸುತ್ತಲಿನ ಕುರ್ದಿ ಹಳ್ಳಿಗರು. ನೆತ್ತಿಯಿಂದ ಬಿದ್ದು ಹೂತುಹೋಗಿದ್ದ ಬಂಡೆಗಳನ್ನು ಒಡೆದು ಸರಿಸದೆ ಒಂದು ಹೆಜ್ಜೆಯೂ ಕೆಳಗಿಳಿಯುವಂತಿರಲಿಲ್ಲ.

ಸೊಲೆಕಿ ಇಡೀ ಸಂಚಯವನ್ನು ಮೇಲಿನಿಂದ ಕೆಳಕ್ಕೆ ಎ, ಬಿ, ಸಿ, ಡಿ ಎಂದು ನಾಲ್ಕು ಸ್ತರಗಳಾಗಿ ವಿಂಗಡಿಸಿದರು. ಎ ಸ್ತರದಲ್ಲಿರುವುದು ನವಶಿಲಾಯುಗದಿಂದ ಇಂದಿನ ಕುರಿಗಾಹಿಗಳವರೆಗಿನ ಬೂದಿ, ಗೊಬ್ಬರ, ಮಡಕೆ ಚೂರು. ಬಿ ಸ್ತರದ ಮೇಲ್ಭಾಗ ಬೇಸಾಯ ಇನ್ನೂ ಮೊಳೆಯುತ್ತಿದ್ದ ಕಾಲದ್ದು. ಅದರಲ್ಲಿ 26 ಸಮಾಧಿಗಳಿದ್ದ ಒಂದು ರುದ್ರಭೂಮಿಯೇ ಸಿಕ್ಕಿತು, ಒಟ್ಟು 35 ಮಂದಿಯ ಎಲುಬುಗಳೊಂದಿಗೆ. ಈ ಕಾಲದ ಜನರ ಬಯಲು ಹಳ್ಳಿಯೊಂದನ್ನು ಸಮೀಪದ ಝಾವಿ ಚೆಮಿ ಶಾನಿದಾರ್ ಎಂಬಲ್ಲಿ ಅಗೆದವರು ಸೊಲೆಕಿಯವರ ಪತ್ನಿ, ಸ್ವತಃ ಪುರಾತತ್ತ್ವಜ್ಞೆಯಾದ ರೋಸ್ ಸೊಲೆಕಿ. ಆಡಿನ ತಲೆಬುರುಡೆಗಳನ್ನೂ ಹದ್ದು, ರಣಹದ್ದುಗಳ ರೆಕ್ಕೆ ಎಲುಬುಗಳನ್ನೂ ಒಟ್ಟಿಗೆ ರಾಶಿ ಹಾಕಿದ್ದ ಒಂದು ವಿಲಕ್ಷಣ ತಾಣ ಅವರಿಗೆ ಅಲ್ಲಿ ಕಂಡಿತು. ಸಿ ಸ್ತರ ಆಧುನಿಕ ಮಾನವರ ಅಲಗುಕಲ್ಲುಗಳ ಕಾಲ. ಅದಕ್ಕೆ ಬೆಟ್ಟದ ಹೆಸರನ್ನೇ ಇಟ್ಟು ಬ್ರಾದೋಸ್ತಿಯನ್ ಸಂಸ್ಕೃತಿ ಎಂದು ಕರೆದರು.

ನಿಯಾಂಡರ್ತಾಲರದ್ದು ಡಿ ಸ್ತರ. ಕಂದಕದ ಅರ್ಧಕ್ಕಿಂತ ಹೆಚ್ಚು ಆಳವನ್ನು, ಸುಮಾರು ಎಂಟೂವರೆ ಮೀಟರನ್ನು, ಇದೊಂದೇ ತುಂಬಿದೆ. ಒಲೆಗಳ ಬೂದಿ, ಇದ್ದಿಲು, ಮೌಸ್ಟೀರಿಯನ್ ಎಂಬ ಕಲ್ಲುಪಕರಣ ಮಾದರಿಯ ಮೊನೆಕಲ್ಲು ಮತ್ತು ಹೆರೆಗಲ್ಲುಗಳು, ಕಾಡು ಆಡಿನ ಮತ್ತು ಆಮೆಯ ಎಲುಬುಗಳು ಇದರಲ್ಲಿವೆ. ಇದ್ದಿಲನ್ನು ರೇಡಿಯೋಕಾರ್ಬನ್ ಪರೀಕ್ಷೆಗೆ ಕಳಿಸಿದಾಗ ಸ್ತರದ ಮೇಲ್ತುದಿಗೇ 46 ಸಾವಿರ ವರ್ಷದ ಆಸುಪಾಸಿನ ಲೆಕ್ಕ ಬಂತು. ಆಗಿನ್ನೂ ಎಳಸಾಗಿದ್ದ ಆ ವಿಧಾನದ ಕೈ ಸುಮಾರು 50 ಸಾವಿರ ವರ್ಷಗಳಾಚೆಗೆ ಎಟುಕುತ್ತಿರಲಿಲ್ಲ. ಹಾಗಾಗಿ ಕೆಳಗಿನ ಅಸ್ಥಿಪಂಜರಗಳ ವಯಸ್ಸು ದಶಕಗಳ ಕಾಲ ಬರೀ ಅಂದಾಜಾಗಿಯೇ ಉಳಿಯಿತು.

ಅಸ್ಥಿಪಂಜರಗಳು

ಮೊದಲು, 1953ರಲ್ಲಿ, ಸಿಕ್ಕಿದ್ದು ಒಂದು ಹಸುಗೂಸಿನ ಎಲುಬು. 1957ರಲ್ಲಿ ವಯಸ್ಕರ ಮೂರು ಅಸ್ಥಿಪಂಜರಗಳು ಬೆಳಕಿಗೆ ಬಂದವು. ಉಳಿದವು 1960ರವು, ಹತ್ತನೆಯದು ಮಾತ್ರ ಪ್ರಾಣಿಗಳ ಎಲುಬುಗಳ ಸಂಗ್ರಹದಲ್ಲಿ ಬೆರೆತುಹೋಗಿ ಬಹಳ ತಡವಾಗಿ ಗುರುತಿಗೆ ಸಿಕ್ಕ ಮಗುವಿನದು. ಈ ಎಲುಬುಗಳನ್ನು ಜೋಡಿಸಿ ಅಧ್ಯಯನ ಮಾಡಿದವರು ಸ್ಮಿತ್ಸೋನಿಯನ್‌ನ ಟಿ. ಡೇಲ್ ಸ್ಟುವರ್ಟ್. ಸಮಗ್ರ ವಿವರಣೆ ಬಂದದ್ದು 1983ರಲ್ಲಿ, ಎರಿಕ್ ಟ್ರಿಂಕಾಸ್ ಅವರ ಗ್ರಂಥದಲ್ಲಿ. ಅಸ್ಥಿಪಂಜರಗಳಿಗೆ ಅಂಕೆಗಳೇ ಹೆಸರು. ಒಂದು, ಮೂರು ಮತ್ತು ಐದನೆಯವು ಡಿ ಸ್ತರದ ಮೇಲ್ಭಾಗದವು. ಮಿಕ್ಕವು ಆಳದವು, ಹೆಚ್ಚು ಹಳೆಯವು.

ಶಾನಿದಾರ್-1 ಎಲ್ಲಕ್ಕಿಂತ ಪೂರ್ಣವಾಗಿ ಉಳಿದ ಗಂಡಸಿನ ಅಸ್ಥಿಪಂಜರ. ಸತ್ತಾಗ ನಲವತ್ತರ ಆಸುಪಾಸಿನವನು. ಆ ಕಾಲಕ್ಕೆ ಮುದುಕನೆಂದೇ ಹೇಳಬೇಕು. ಅಗೆದವರು ಅವನನ್ನು ಅಕ್ಕರೆಯಿಂದ ನ್ಯಾಂಡಿ ಎಂದು ಕರೆಯುತ್ತಿದ್ದರು. ಎಡಗಣ್ಣಿನ ಗೂಡಿಗೆ ಬಲವಾದ ಪೆಟ್ಟು ಬಿದ್ದು ಎಲುಬು ಜಜ್ಜಿಹೋಗಿದೆ, ಆ ಕಣ್ಣು ಕುರುಡಾಗಿದ್ದಿರಬೇಕು. ಬಲ ತೋಳಿನ ಎಲುಬು ಎಡದ್ದಕ್ಕೆ ಹೋಲಿಸಿದರೆ ಕಡ್ಡಿಯಂತೆ ಸೊರಗಿದೆ. ಅದೇ ಎಲುಬು ಎರಡು ಕಡೆ ಮುರಿದು ಕೂಡಿಕೊಂಡಿದೆ, ಮೊಣಕೈಯಿಂದ ಕೆಳಗಿನ ಭಾಗವಂತೂ ಇಲ್ಲವೇ ಇಲ್ಲ. ತೋಳು ಉದುರಿಹೋಯಿತೋ, ಯಾರಾದರೂ ಕತ್ತರಿಸಿದರೋ ಹೇಳುವುದು ಕಷ್ಟ. ಬಲಪಾದದಲ್ಲಿ ಮಾಗಿದ ಮುರಿತವಿದೆ, ಬಲ ಮಂಡಿ ಮತ್ತು ಹರಡಿನ ಕೀಲು ಸವೆದಿವೆ, ಕುಂಟುತ್ತಿದ್ದ. ಎರಡೂ ಕಿವಿಗಳ ನಾಳದಲ್ಲಿ ಎಲುಬು ಬೆಳೆದು ದಾರಿ ಕಟ್ಟಿದ್ದನ್ನು 2017ರಲ್ಲಿ ಟ್ರಿಂಕಾಸ್ ಮತ್ತು ಸೆಬಾಸ್ಟಿಯನ್ ವಿಲೋಟ್ ವಿವರಿಸಿದರು. ಅಂದರೆ ಕಿವಿಯೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮುಂಬಲ್ಲುಗಳು ವಿಪರೀತ ಸವೆದಿವೆ, ಪ್ರಾಯಶಃ ಇಲ್ಲದ ಕೈಯ ಕೆಲಸವನ್ನು ಅವು ಮಾಡುತ್ತಿದ್ದವು.

ಈ ಗಾಯಗಳೆಲ್ಲ ಮಾಗಿವೆ ಎಂಬುದು ಮುಖ್ಯ. ಒಕ್ಕಣ್ಣ, ಒಂಟಿಗೈ, ಕುಂಟು, ಮಂದ ಕಿವಿಯ ಮನುಷ್ಯ ಬೇಟೆಗಾರರ ಗುಂಪಿನಲ್ಲಿ ಬಹಳ ವರ್ಷ ಬದುಕಿದ. ಅನ್ನ ಕೊಟ್ಟವರು, ಕಾಯ್ದವರು ಇದ್ದರು ಎಂದು ಸೊಲೆಕಿ ತೀರ್ಮಾನಿಸಿದರು. ಅಂಗವಿಕಲನೊಬ್ಬ ಬದುಕಿದ ಎಂದಮಾತ್ರಕ್ಕೆ ಸುತ್ತಲಿನವರು ಕರುಣಾಳುಗಳಾಗಿದ್ದರು ಎನ್ನಲಾಗದು, ಅವನು ತನ್ನ ಪಾಲಿನ ಕೆಲಸವನ್ನು ತಾನೇ ಮಾಡಿಕೊಂಡಿದ್ದಿರಬಹುದು ಎಂದು 1991ರಲ್ಲಿ ಕ್ಯಾಥರೀನ್ ಡೆಟ್‌ವೈಲರ್ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. ಆದರೂ ಇಷ್ಟು ಊನಗಳು ಒಬ್ಬನಲ್ಲೇ ಕೂಡಿದಾಗ ಕಾಡುಮೃಗಗಳ ನಡುವೆ ಅವನು ಒಬ್ಬಂಟಿಯಾಗಿ ಉಳಿದಿರಲಾರ ಎಂಬ ಮಾತು ನಿಲ್ಲುತ್ತದೆ. ಜೀನ್ ಔಲ್ ಅವರ 1980ರ ಜನಪ್ರಿಯ ಇಂಗ್ಲಿಷ್ ಕಾದಂಬರಿ 'ದ ಕ್ಲ್ಯಾನ್ ಆಫ್ ದ ಕೇವ್ ಬೇರ್'ನಲ್ಲಿ ಬರುವ ಕ್ರೆಬ್ ಎಂಬ ಪಾತ್ರಕ್ಕೆ ಇವನೇ ಮಾದರಿ.

ಶಾನಿದಾರ್-3ರ ಎಡಗಡೆಯ ಒಂಬತ್ತನೆಯ ಪಕ್ಕೆಲುಬಿನಲ್ಲಿ ಚೂಪಾದ ಆಯುಧ ಹೊಕ್ಕ ಗೀರಿದೆ. ಗೀರಿನ ಅಂಚಿನಲ್ಲಿ ಎಲುಬು ಮಾಗಲು ತೊಡಗಿರುವುದರಿಂದ ಏಟು ಬಿದ್ದ ಮೇಲೆ ಕೆಲವು ವಾರ ಅವನು ಜೀವ ಹಿಡಿದಿದ್ದ. ಸ್ಟೀವನ್ ಚರ್ಚಿಲ್ ಮತ್ತು ಸಂಗಡಿಗರು ಹಂದಿಗಳ ಕಳೇಬರದ ಮೇಲೆ ಕಲ್ಲುಮೊನೆಯ ಈಟಿಗಳನ್ನು ಪ್ರಯೋಗಿಸಿ ನೋಡಿ, ಗಾಯಕ್ಕೆ ಕಾರಣ ದೂರದಿಂದ ಎಸೆದ ಹಗುರ ಈಟಿ ಇರಬಹುದೆಂದು 2009ರಲ್ಲಿ ಬರೆದರು. ಅಂಥ ಈಟಿ ಆಧುನಿಕ ಮಾನವರ ಆಯುಧವಾದ್ದರಿಂದ ಎರಡು ಮಾನವ ಗುಂಪುಗಳ ಜಗಳದ ಕಥೆ ಪತ್ರಿಕೆಗಳಲ್ಲಿ ಹಬ್ಬಿತು. ಬೇಟೆಯ ಅವಘಡವೂ ಇದ್ದೀತು ಎಂಬುದನ್ನು ಪ್ರಯೋಗ ಮಾಡಿದವರೇ ತಳ್ಳಿಹಾಕಿಲ್ಲ.

ಹೂವಿನ ಸಮಾಧಿ

1960ರಲ್ಲಿ, ಏಳು ಮೀಟರಿಗೂ ಹೆಚ್ಚಿನ ಆಳದಲ್ಲಿ, ಎಡಮಗ್ಗುಲಾಗಿ ಮಂಡಿ ಮಡಚಿಕೊಂಡು ಮಲಗಿದ್ದ ಗಂಡಸಿನ ಅಸ್ಥಿಪಂಜರ ಕಂಡಿತು. ಅದೇ ಶಾನಿದಾರ್-4. ಎಲುಬುಗಳು ತೀರ ಮೆತ್ತಗಿದ್ದುದರಿಂದ ಸುತ್ತಲಿನ ಮಣ್ಣಿನ ಸಮೇತ ಗಾರೆ ಮೆತ್ತಿ, ಪೆಟ್ಟಿಗೆ ಕಟ್ಟಿ, ಒಂದೇ ಗಡ್ಡೆಯಾಗಿ ಎತ್ತಿದರು. ಗಡ್ಡೆ ಬಾಗ್ದಾದಿಗೆ ಹೋದದ್ದು ಟ್ಯಾಕ್ಸಿಯ ಛಾವಣಿಯ ಮೇಲೆ. ಅಲ್ಲಿ ಸ್ಟುವರ್ಟ್ ಅದನ್ನು ಬಿಡಿಸಿದಾಗ ಇಬ್ಬರು ಹೆಂಗಸರ ಮತ್ತು ಒಂದು ಕೂಸಿನ ಎಲುಬುಗಳೂ ಹೊರಬಂದವು. ದಾರಿಯ ಕುಲುಕಾಟದಲ್ಲಿ ಯಾರು ಯಾರ ಮೇಲೆ, ಯಾವ ಭಂಗಿಯಲ್ಲಿದ್ದರು ಎಂಬ ವಿವರ ಕಲಸಿಹೋಗಿತ್ತು. ಇಡೀ ಉತ್ಖನನದಲ್ಲಿ ಆದ ದೊಡ್ಡ ನಷ್ಟ ಇದು.

ಅಸ್ಥಿಪಂಜರದ ಬಳಿಯಿಂದ ತೆಗೆದ ಮಣ್ಣಿನ ಮಾದರಿಗಳನ್ನು ಸೊಲೆಕಿ ಪ್ಯಾರಿಸ್ಸಿನ ಪರಾಗತಜ್ಞೆ ಆರ್ಲೆಟ್ ಲರ್ವಾ-ಗೂರಾಂ ಅವರಿಗೆ ಕಳಿಸಿದ್ದರು. ಎರಡು ಮಾದರಿಗಳಲ್ಲಿ ಪರಾಗ ಬಿಡಿಬಿಡಿಯಾಗಿರದೆ ಗೊಂಚಲು ಗೊಂಚಲಾಗಿ ಅಂಟಿಕೊಂಡಿತ್ತು. ಅಕಿಲಿಯ, ಸೆಂಟೋರಿಯ, ಸೆನೆಸಿಯೊ ಮುಂತಾದ ಸೂರ್ಯಕಾಂತಿ ಕುಟುಂಬದ ಗಿಡಗಳು, ನೀಲಿ ಹೂವಿನ ಮಸ್ಕಾರಿ, ದಾಸವಾಳದ ಕುಟುಂಬಕ್ಕೆ ಸೇರಿದ ಆಲ್ತಿಯ, ಎಫೆಡ್ರ ಇವು ಗುರುತಿಸಲಾದ ಸಸ್ಯಗಳು. ಗಾಳಿಯಲ್ಲಿ ತೇಲಿಬಂದ ಪರಾಗ ಗೊಂಚಲಾಗಿ ಬೀಳದು. ಇಡೀ ಹೂಗಳನ್ನೇ ಯಾರೋ ಒಳಗೆ ತಂದಿದ್ದಾರೆ ಎಂದು ಅವರು ತರ್ಕಿಸಿದರು. ಹೂ ಬಿಡುವ ಕಾಲವನ್ನು ಲೆಕ್ಕ ಹಾಕಿ ಸಮಾಧಿ ನಡೆದದ್ದು ವಸಂತದ ಕೊನೆ ಅಥವಾ ಬೇಸಿಗೆಯ ಮೊದಲಲ್ಲಿ ಎಂದೂ ಸೂಚಿಸಿದರು. ಈ ಗಿಡಗಳಲ್ಲಿ ಹಲವು ಇಂದಿಗೂ ನಾಟಿ ಮದ್ದಿಗೆ ಬಳಕೆಯಾಗುತ್ತವೆ ಎಂಬುದನ್ನು ಹಿಡಿದು ಸತ್ತವನು ವೈದ್ಯನಾಗಿದ್ದಿರಬಹುದೆಂಬ ಮಾತೂ ಹುಟ್ಟಿತು. 1971ರಲ್ಲಿ ಬಂದ ಸೊಲೆಕಿಯ ಪುಸ್ತಕದ ಉಪಶೀರ್ಷಿಕೆಯೇ 'ಮೊದಲ ಹೂವಿನ ಜನ' ಎಂಬರ್ಥದ್ದು. ಅಮೆರಿಕದಲ್ಲಿ ಹಿಪ್ಪಿಗಳು ಹೂ ಮುಡಿದು ಶಾಂತಿ ಸಾರುತ್ತಿದ್ದ ಕಾಲವದು. ಪುಸ್ತಕ ಮನೆಮಾತಾದದ್ದರಲ್ಲಿ ಅಚ್ಚರಿಯಿಲ್ಲ.

ಸಂಶಯ ಕ್ರಮೇಣ ಬಲಿಯಿತು. ಪರ್ಷಿಯದ ಜರ್ಡ್ ಎಂಬ ಇಲಿ ಜಾತಿಯ ಪ್ರಾಣಿ ಹೂಗಳನ್ನು ಕಚ್ಚಿ ತಂದು ಬಿಲದಲ್ಲಿ ಕೂಡಿಡುತ್ತದೆ. ಸಮಾಧಿಯ ಸುತ್ತ ಬಿಲಗಳಿದ್ದುದನ್ನು ಸೊಲೆಕಿಯೇ ದಾಖಲಿಸಿದ್ದರು. ಹೂ ತಂದದ್ದು ಈ ಪ್ರಾಣಿಯೇ ಎಂದು 1999ರಲ್ಲಿ ಜೆಫ್ರಿ ಸೊಮರ್ ವಾದಿಸಿದರು. 2023ರಲ್ಲಿ ಕ್ರಿಸ್ ಹಂಟ್ ಮತ್ತು ಸಂಗಡಿಗರು ಇನ್ನೂ ನೇರವಾದ ಆಕ್ಷೇಪ ಎತ್ತಿದರು: ಪಟ್ಟಿಯಲ್ಲಿರುವ ಹೂಗಳು ಒಂದೇ ಕಾಲದಲ್ಲಿ ಅರಳುವವಲ್ಲ, ಒಂದೇ ಗೊಂಚಲಲ್ಲಿ ಬೇರೆ ಬೇರೆ ಗಿಡಗಳ ಪರಾಗ ಬೆರೆತಿದೆ, ಹೀಗೆ ಬೆರೆಸಿ ಉಂಡೆ ಕಟ್ಟುವುದು ಜೇನ್ನೊಣಗಳ ಕೆಲಸ. ಗುಹೆಯ ಮಣ್ಣಿನಲ್ಲಿ ಗೂಡು ಕೊರೆಯುವ ಒಂಟಿ ಜೇನ್ನೊಣಗಳ ರಂಧ್ರಗಳನ್ನು ಅವರು ಅಲ್ಲೇ ಕಂಡಿದ್ದರು. ಇನ್ನು ಹೂವಿನ ಸಮಾಧಿಯನ್ನು ಸಿದ್ಧ ಸಂಗತಿಯೆಂದು ಪಾಠ ಹೇಳುವುದು ತಪ್ಪು.

ಮತ್ತೆ ಅಗೆತ

1960ರ ನಂತರ ಕುರ್ದಿಸ್ತಾನದ ಯುದ್ಧಗಳಿಂದಾಗಿ ಸೊಲೆಕಿಗೆ ಮರಳಿ ಅಗೆಯಲು ಆಗಲಿಲ್ಲ. 2011ರಲ್ಲಿ ಕುರ್ದಿಸ್ತಾನದ ಪ್ರಾದೇಶಿಕ ಸರ್ಕಾರ ಕೇಂಬ್ರಿಜ್‌ನ ಗ್ರೇಮ್ ಬಾರ್ಕರ್ ಅವರನ್ನು ಆಹ್ವಾನಿಸಿತು. 2014ರಲ್ಲಿ ಕೆಲಸ ತೊಡಗಿತೋ ಇಲ್ಲವೋ ಐಸಿಸ್ ಉಗ್ರರ ದಾಳಿ ಹತ್ತಿರ ಬಂದು ತಂಡ ಊರು ಬಿಡಬೇಕಾಯಿತು. ಮರುವರ್ಷ ಮತ್ತೆ ಬಂದರು. ಹೊಸ ಎಲುಬು ಹುಡುಕುವುದು ಅವರ ಉದ್ದೇಶವಾಗಿರಲಿಲ್ಲ. ಹಳೆಯ ಕಂದಕದ ಅಂಚಿನ ಮಣ್ಣನ್ನು ಪದರ ಪದರವಾಗಿ ಓದಿ, ಸೊಲೆಕಿಗೆ ಲಭ್ಯವಿಲ್ಲದಿದ್ದ ವಿಧಾನಗಳಿಂದ ಕಾಲ ನಿರ್ಣಯಿಸುವುದಷ್ಟೇ ಯೋಜನೆ. ಮರಳಿನ ಕಣಕ್ಕೆ ಕೊನೆಯ ಬಾರಿ ಬೆಳಕು ತಾಗಿದ್ದು ಎಂದು ಎಂಬುದನ್ನು ಅಳೆಯುವ ವಿಧಾನ ಅವುಗಳಲ್ಲಿ ಮುಖ್ಯವಾದದ್ದು. ಆದರೂ ಶಾನಿದಾರ್-5ರ ಉಳಿದ ಎಲುಬುಗಳು ಸಿಕ್ಕವು. 2018ರಲ್ಲಿ, ನಾಲ್ಕನೆಯ ಅಸ್ಥಿಪಂಜರವಿದ್ದ ಜಾಗದ ಪಕ್ಕದಲ್ಲೇ, ಪಕ್ಕೆಲುಬುಗಳು ಕಂಡವು. 2019ರ ಹೊತ್ತಿಗೆ ಒಂದು ದೇಹದ ಮೇಲರ್ಧವೇ ಬಿಡಿಸಿಕೊಂಡಿತ್ತು. ಅದಕ್ಕೆ ಶಾನಿದಾರ್-ಝಡ್ ಎಂದು ಹೆಸರಿಟ್ಟರು.

ತಂಡದ ಎಮ್ಮಾ ಪೊಮರಾಯ್ ಹೇಳುವಂತೆ ಎಲುಬುಗಳು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಷ್ಟು ಮೆದುವಾಗಿದ್ದವು. ಕರಣೆಯ ಬದಲು ಬಿದಿರುಕಡ್ಡಿಯಂಥ ಹಗುರ ಸಾಧನಗಳಿಂದ ಮಣ್ಣು ಬಿಡಿಸಿ, ಅಂಟುದ್ರವ ಹನಿಸಿ ಗಟ್ಟಿ ಮಾಡಿ, ಸಣ್ಣ ಸಣ್ಣ ತುಂಡುಗಳಾಗಿ ಎತ್ತಿ, ಹಾಳೆಯಲ್ಲಿ ಸುತ್ತಿ ಕೇಂಬ್ರಿಜ್‌ಗೆ ಒಯ್ದರು. ಬಿದ್ದ ಬಂಡೆ ಮತ್ತು ಮೇಲಿನ ಮಣ್ಣಿನ ಭಾರಕ್ಕೆ ತಲೆಬುರುಡೆ ಸುಮಾರು 2 ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆಯಾಗಿತ್ತು. ಸಂರಕ್ಷಕಿ ಲೂಸಿಯಾ ಲೋಪೆಸ್-ಪೊಲಿನ್ ಇನ್ನೂರಕ್ಕೂ ಹೆಚ್ಚು ಚೂರುಗಳನ್ನು ಜೋಡಿಸಿ ಅದಕ್ಕೆ ಮತ್ತೆ ಆಕಾರ ಕೊಟ್ಟರು. ಹಲ್ಲಿನ ಎನಾಮಲ್‌ನಲ್ಲಿ ಉಳಿದ ಪ್ರೋಟೀನುಗಳ ಆಧಾರದ ಮೇಲೆ ಇದು ನಲವತ್ತರ ಮಧ್ಯದ ಹೆಂಗಸಿನದೆಂದು ತೀರ್ಮಾನಿಸಲಾಗಿದೆ. ಕಾಲ ಸುಮಾರು 75 ಸಾವಿರ ವರ್ಷ ಹಿಂದೆ. ಎಡಗೈಯನ್ನು ತಲೆಯಡಿ ಮಡಚಿಕೊಂಡು ಮಲಗಿಸಿದಂತಿದ್ದ ಅವಳ ದೇಹ ನೀರು ಕೊರೆದ ತಗ್ಗಿನಲ್ಲಿತ್ತು. ಆ ತಗ್ಗನ್ನು ಕೈಯಾರೆ ಇನ್ನಷ್ಟು ತೋಡಿದ ಗುರುತುಗಳಿವೆ. ಸೊಲೆಕಿ ಎತ್ತಿದ್ದ ಮಣ್ಣಿನ ಗಡ್ಡೆಯಲ್ಲಿದ್ದ ಆರನೆಯ ಅಸ್ಥಿಪಂಜರದ ಉಳಿದ ಅರ್ಧ ಇದೇ ಇರಬಹುದೆಂಬ ಅನುಮಾನವೂ ಇದೆ. ಅವಳ ಮುಖವನ್ನು ಡಚ್ ಕಲಾವಿದರಾದ ಕೆನ್ನಿಸ್ ಸೋದರರು ಮರುರೂಪಿಸಿದರು; 2024ರಲ್ಲಿ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರದ ಮೂಲಕ ಅದು ಎಲ್ಲೆಡೆ ಪರಿಚಿತವಾಯಿತು.

ನಿಯಾಂಡರ್ತಾಲರು ಸತ್ತವರನ್ನು ಹೂಳುತ್ತಿದ್ದರೆಂಬುದನ್ನೇ 1989ರಲ್ಲಿ ರಾಬರ್ಟ್ ಗಾರ್ಗೆಟ್ ಪ್ರಶ್ನಿಸಿದ್ದರು. ಬಂಡೆ ಉರುಳುವುದು, ಮಣ್ಣು ಜಾರುವುದು ಮುಂತಾದ ಸಹಜ ಕ್ರಿಯೆಗಳಿಂದಲೂ ಶವ ಮುಚ್ಚಿಹೋಗಬಲ್ಲದು ಎಂಬುದು ಅವರ ವಾದ. ಶಾನಿದಾರಿನ ಮೇಲಿನ ಗುಂಪಿನಲ್ಲಿ ಕೆಲವರು ಬಂಡೆಗೆ ಸಿಕ್ಕಿ ಸತ್ತವರು ಎಂದು ಸೊಲೆಕಿಯೇ ನಂಬಿದ್ದರು. ಕೆಳಗಿನ ಗುಂಪಿಗೆ ಈ ವಿವರಣೆ ಒಪ್ಪುವುದಿಲ್ಲ. ಒಂದೇ ಕಿರಿದಾದ ಜಾಗದಲ್ಲಿ ಹಲವು ದೇಹಗಳು ಒಂದರ ಮೇಲೊಂದು ಬಂದಿವೆ; ಅಷ್ಟೂ ಮಂದಿ ಅಲ್ಲಿಗೆ ಬಂದೇ ಸತ್ತರೆನ್ನುವುದಕ್ಕಿಂತ, ಸತ್ತವರನ್ನು ಮತ್ತೆ ಮತ್ತೆ ಅಲ್ಲಿಗೇ ತಂದರೆನ್ನುವುದು ಹೆಚ್ಚು ಸರಳ. ಆ ಭೇಟಿಗಳ ನಡುವೆ ಎಷ್ಟು ಕಾಲ ಸರಿಯಿತೆಂಬುದು ಇನ್ನೂ ಇತ್ಯರ್ಥವಾಗಬೇಕು.

ಊಟ

ಡಿ ಸ್ತರದ ಹಲ್ಲುಗಳು ಮತ್ತು ಒಲೆಗಳು ಇತ್ತೀಚೆಗೆ ಇನ್ನೊಂದು ಬಗೆಯ ಮಾಹಿತಿ ಕೊಟ್ಟಿವೆ. ಶಾನಿದಾರ್-3ರ ಹಲ್ಲುಗಳ ಮೇಲೆ ಗಟ್ಟಿಯಾಗಿ ಕಟ್ಟಿದ್ದ ಕೊಳೆಯಲ್ಲಿ ಖರ್ಜೂರ ಮತ್ತು ಕಾಡು ಜವೆಗೋದಿಯ ಬಳಗದ ಹುಲ್ಲುಗಳ ಪಿಷ್ಟಕಣಗಳಿದ್ದು, ಕೆಲವು ಬೆಂದಂಥವು ಎಂದು ಅಮಾಂಡ ಹೆನ್ರಿ ಮತ್ತಿತರರು 2011ರಲ್ಲಿ ತೋರಿಸಿದರು. 2022ರಲ್ಲಿ ಜೆರೆನ್ ಕಬುಕ್ಜು ಅವರ ತಂಡ ಸುಮಾರು 70 ಸಾವಿರ ವರ್ಷ ಹಳೆಯ ಕರಿಕಾದ ಆಹಾರದ ಚೂರೊಂದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿತು. ಕಾಡು ದ್ವಿದಳ ಧಾನ್ಯವನ್ನು ನೆನೆಹಾಕಿ, ಒರಟಾಗಿ ಕುಟ್ಟಿ, ಬೇಯಿಸಿದ ಲಕ್ಷಣಗಳು ಅದರಲ್ಲಿದ್ದವು. ಕಾಡು ಕಾಳುಗಳ ಸಿಪ್ಪೆಯಲ್ಲಿ ಕಹಿ ಹೆಚ್ಚು, ಕೆಲವುದರಲ್ಲಿ ವಿಷಾಂಶವೂ ಉಂಟು. ನೆನೆಸುವುದು ಅದನ್ನು ತಗ್ಗಿಸುತ್ತದೆ. ನಿಯಾಂಡರ್ತಾಲರು ಬರೀ ಮಾಂಸ ತಿನ್ನುತ್ತಿದ್ದರೆಂಬ ಹಳೆಯ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಭಾರತದ ಸಂಬಂಧ

ಭಾರತದಲ್ಲಿ ಈವರೆಗೆ ನಿಯಾಂಡರ್ತಾಲರ ಎಲುಬು ದೊರೆತಿಲ್ಲ. 1982ರಲ್ಲಿ ನರ್ಮದಾ ಕಣಿವೆಯ ಹಥನೋರದಲ್ಲಿ ಅರುಣ್ ಸೋನಾಕಿಯಾ ಕಂಡುಹಿಡಿದ ತಲೆಬುರುಡೆ ಪ್ರಾಚೀನ ಮಾನವನದೇ ಹೊರತು ನಿಯಾಂಡರ್ತಾಲನದಲ್ಲ. ಕರ್ನಾಟಕದ ಮಲಪ್ರಭಾ ಕಣಿವೆಯಲ್ಲಿ ಮಧ್ಯ ಪ್ರಾಚೀನ ಶಿಲಾಯುಗದ ಕಲ್ಲಿನ ಉಪಕರಣಗಳು ಸಿಗುತ್ತವೆ, ಆದರೆ ಅವುಗಳನ್ನು ಮಾಡಿದವರ ಎಲುಬು ಸಿಗದ ಕಾರಣ ಶಾನಿದಾರಿನೊಂದಿಗೆ ಅವನ್ನು ಬೆಸೆಯುವಂತಿಲ್ಲ. ನಂಟು ಇರುವುದು ರಕ್ತದಲ್ಲಿ. ಆಫ್ರಿಕದಿಂದ ಹೊರಬಂದ ಆಧುನಿಕ ಮಾನವರು ನಿಯಾಂಡರ್ತಾಲರೊಂದಿಗೆ ಕೂಡಿದ್ದರಿಂದ ಭಾರತೀಯರೂ ಸೇರಿ ಆಫ್ರಿಕದಾಚೆಯ ಎಲ್ಲ ಜನರ ಡಿಎನ್‌ಎಯಲ್ಲಿ ಶೇಕಡ 2ರಷ್ಟು ಪಾಲು ಅವರದು. ಕೋವಿಡ್ ಉಲ್ಬಣಿಸುವ ಅಪಾಯವನ್ನು ಹೆಚ್ಚಿಸುವ ಮೂರನೆಯ ವರ್ಣತಂತುವಿನ ಒಂದು ತುಣುಕು ನಿಯಾಂಡರ್ತಾಲರಿಂದ ಬಂದದ್ದೆಂದು ಹ್ಯೂಗೊ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ 2020ರಲ್ಲಿ ಪ್ರಕಟಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಹೊತ್ತಿದ್ದಾರೆ.

ಶಾನಿದಾರ್-3 ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ. ಸೊಲೆಕಿ ತೆಗೆದ ಮಿಕ್ಕ ಅಸ್ಥಿಪಂಜರಗಳಲ್ಲಿ ಬಹುಪಾಲನ್ನು ಬಾಗ್ದಾದಿನ ಇರಾಕ್ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಯಿತು. ಈವರೆಗೆ ಅಗೆದಿರುವುದು ಗುಹೆಯ ನೆಲದ ಒಂದು ಸಣ್ಣ ಪಾಲು ಮಾತ್ರ.